ಗೂಟಕ್ಕೆ ತೂಗಿದ ಸ್ವಿಟ್ಜರ್ಲೆಂಡ್

ಬೆಟಗೇರಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಬಾಗಿಲ ಹಿಂದಿನ ಗೂಟಕ್ಕೆ, ಒಂದು ಖಾಕಿ ಬಟ್ಟೆಯ ಚೀಲ ಬಹಳ ವರ್ಷ ತೂಗುತ್ತಿತ್ತು. ಬಂದವರು ಇದು ಯಾರದೆಂದು ಕೇಳಿದರೆ ನಮ್ಮವ್ವ ಕಾಳು ಹಸನು ಮಾಡುವ ಕೈ ನಿಲ್ಲಿಸದೆ, "ಬಾಜೂ ಮನಿ ಅಯ್ಯಾರದ್ರಿ. ಸ್ವಿಟ್ಜರ್ಲೆಂಡಿಗೆ ಹೊಂಟಾರ" ಎನ್ನುತ್ತಿದ್ದಳು. ಕೇಳಿದವರು ಹೊರಗೆ ಹಣಿಕಿ ಹಾಕಿ ನೋಡಿದರೆ, ಹೊರಟಿದ್ದಾರೆನ್ನುವ ಆ ಅಯ್ಯನವರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಿಶ್ಚಿಂತೆಯಿಂದ ಅಡಿಕೆ ಕತ್ತರಿಸುತ್ತಿದ್ದರು.

ಹೋದ ತಿಂಗಳು ಅಯ್ಯನವರು ತೀರಿಕೊಂಡರೆಂದು ಹೊಂಬಳದಿಂದ ಖಬರು ಬಂತು. ಮಣ್ಣಿಗೆ ಹೋಗಿ ಬಂದೆ. ಅವತ್ತಿನಿಂದ ಆ ಚೀಲ ನನ್ನ ತಲೆಯೊಳಗಿನ ಯಾವುದೋ ಗೂಟಕ್ಕೆ ತೂಗುತ್ತಲೇ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆಯುತ್ತೇನೆಂದರೂ ಅವರು ಒಪ್ಪುತ್ತಿರಲಿಲ್ಲ. "ಹೆಸರು ಯಾಕ್ರಿ ಮಾಸ್ತರ, ಗಾಡಿ ನಂಬರ ಬರೀರಿ, ಸಾಕು" ಎನ್ನುವ ಗಿರಾಕಿ ಅವರು.

ಅವರದು ಹೊಂಬಳದಲ್ಲಿ ಗುಡಿಯ ಪೂಜೆ ಮಾಡಿಕೊಂಡು, ಊರವರಿಗೆ ಪಂಚಾಂಗ ನೋಡಿ ಹೇಳಿಕೊಂಡು ಬಂದ ಮನೆತನ. ಅಣ್ಣ ಗುಡಿಯನ್ನು ಹಿಡಿದರು, ಇವರು ಗದಗಿನ ಒಂದು ಸರ್ಕಾರಿ ಕಚೇರಿಯ ಗುಮಾಸ್ತಿಕೆಯನ್ನು ಹಿಡಿದರು. ಗುಡಿ ಬಿಟ್ಟರೂ ಪಂಚಾಂಗ ಬಿಡಲಿಲ್ಲ. ರಾಹುಕಾಲದಲ್ಲಿ ಯಾವ ಕಾಗದಕ್ಕೂ ರುಜು ಹಾಕುತ್ತಿರಲಿಲ್ಲ. ಸಾಹೇಬರು ತಗಾದೆ ಮಾಡಿದರೆ "ಪೆನ್ನಿಗೆ ಮಸಿ ತುಂಬಾಕತ್ತೇನ್ರಿ" ಎಂದು ಹೇಳಿ ರಾಹುಕಾಲ ಮುಗಿಯುವ ತನಕ ಮಸಿ ತುಂಬುತ್ತಲೇ ಇರುತ್ತಿದ್ದರು. ಕೊನೆಗೆ ಅದೇ ಸಾಹೇಬರು ಮಗಳ ಲಗ್ನದ ಮುಹೂರ್ತ ಕೇಳಲು ಇವರ ಟೇಬಲ್ಲಿಗೇ ಬಂದರಂತೆ. ಅವತ್ತೂ ಅಯ್ಯನವರು ಪೆನ್ನಿಗೆ ಮಸಿ ತುಂಬುತ್ತಿದ್ದರಂತೆ, ಸಾಹೇಬರು ಸುಮ್ಮನೆ ಕಾದು ನಿಂತರಂತೆ.

ಎತ್ತರದ ಆಳು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಮಾತು ಎಲ್ಲಿಯಾದರೂ ಸಿಕ್ಕಿಕೊಂಡರೆ ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸುವ ಚಟ ಅವರಿಗೆ. ಎಷ್ಟು ಹೊತ್ತು ಒರೆಸುತ್ತಾರೆ ಎನ್ನುವುದರ ಮೇಲೆ ವಿಷಯ ಎಷ್ಟು ಭಾರದ್ದೆಂದು ಓಣಿಯವರಿಗೆಲ್ಲ ತಿಳಿಯುತ್ತಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮನವರು ಎಂದೇ ಕರೆಯುತ್ತಿದ್ದೆವು. ಕುಳ್ಳಗಿನ, ಚುರುಕು ಕಣ್ಣಿನ ಹೆಣ್ಣುಮಗಳು. ಅಯ್ಯನವರು ಒಂದು ಸಂಜೆಯಿಡೀ ಕಟ್ಟಿದ ಮಾತಿನ ಮಾಳಿಗೆಯನ್ನು ಆಕೆ ರೊಟ್ಟಿ ತಟ್ಟುತ್ತಲೇ ಒಂದು ಮಾತಿನಲ್ಲಿ ಕೆಡವುತ್ತಿದ್ದರು. ಅಯ್ಯನವರು ಮರುದಿನ ಮತ್ತೆ ಕಟ್ಟುತ್ತಿದ್ದರು.

ಎಲ್ಲ ಶುರುವಾದದ್ದು ಒಂದು ಜೀಪಿನಿಂದ. ಎಪ್ಪತ್ತರ ದಶಕ ಇನ್ನೂ ನಡುವಿಗೆ ಬಂದಿರಲಿಲ್ಲ. ಮುಂಡರಗಿಯಲ್ಲಿ ಅಮ್ಮನವರ ತಮ್ಮನ ಶೇಂಗಾ ಎಣ್ಣೆ ಮಿಲ್ಲು ಇತ್ತು. ಆತ ಎಲ್ಲಿಯೋ ಹರಾಜಿನಲ್ಲಿ ಹಳೆಯ ಮಿಲಿಟರಿ ಜೀಪು ಹಿಡಿದ. ದೊಡ್ಡ ಲಡಾಯಿಯ ಕಾಲಕ್ಕೆ ಹೊರದೇಶದ ಸೈನ್ಯದ ಜೊತೆ ಬಂದು ಇಲ್ಲೇ ಉಳಿದ ಗಾಡಿ, ಅದರ ಸ್ಟೇರಿಂಗು ಎಡಗಡೆ. ಮಿಲ್ಲಿನ ಡ್ರೈವರು ಒಂದು ದಿನ ಓಡಿಸಿ ಮರುದಿನ ಜ್ವರವೆಂದು ಮುಸುಕು ಹೊದ್ದು ಮಲಗಿದ. ಅಕ್ಕನ ಮನೆಗಿರಲಿ ಎಂದು ತಮ್ಮ ಅದನ್ನು ಬೆಟಗೇರಿಗೆ ದಾಟಿಸಿದ.

ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತವೆ, ಡ್ರೈವರು ಬಲಕ್ಕೆ ಕೂತಿರುತ್ತಾನೆ, ಹಾಗಾಗಿ ಎದುರಿಗೆ ಬರುವುದು ಅವನಿಗೆ ಕಾಣುತ್ತದೆ. ಅಯ್ಯನವರು ಕೂತದ್ದು ಎಡಕ್ಕೆ. ಮುಂದೆ ಒಂದು ಲಾರಿ ಅಡ್ಡ ಸಿಕ್ಕಿತೆಂದರೆ ಅವರಿಗೆ ಕಾಣುತ್ತಿದ್ದುದು ಆ ಲಾರಿಯ ಹಿಂಬದಿ ಮತ್ತು ರಸ್ತೆಯ ಬದಿಯ ಬೇಲಿ, ಅಷ್ಟೇ. ಆಚೆಯಿಂದ ಏನು ಬರುತ್ತಿದೆ ಎಂದು ನೋಡಿ ಹೇಳುವವರು ಬಲಗಡೆ ಕೂತ ಅಮ್ಮನವರು. ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು, ಹಾಗಾಗಿ ಆ ದಾರಿ ಸವೆಯುವಷ್ಟು ತಿರುಗಾಟ. ಒಮ್ಮೆ ಶಿರಹಟ್ಟಿಯಿಂದ ನಾನೂ ಹಿಂದಿನ ಸೀಟಿನಲ್ಲಿ ಜೀವ ಹಿಡಿದುಕೊಂಡು ಬಂದಿದ್ದೇನೆ.

"ಏನ್ ಬರಾಕತ್ತೈತಿ?"

"ಲಾರಿ."

"ಈಗ?"

"ಇನ್ನೊಂದ್ ಲಾರಿ."

"ಈಗರೆ?"

"ಎಮ್ಮಿ. ತಡೀರಿ. ತಡೀರಿ ಅಂದ್ನೆಲ್ಲ. ಆತು, ಈಗ ಹೋಗ್ರಿ."

ಶಿರಹಟ್ಟಿಯಿಂದ ಗದಗಿನ ತನಕ ಗಂಡಹೆಂಡಿರ ನಡುವೆ ಇದರ ಹೊರತು ಬೇರೆ ಮಾತಿಲ್ಲ. ಆದರೆ ಆ 'ಹೋಗ್ರಿ' ಬಂದ ಮೇಲೆ ಅಯ್ಯನವರು ಕ್ಷಣವೂ ಅನುಮಾನಿಸುತ್ತಿರಲಿಲ್ಲ, ಗಾಡಿಯನ್ನು ಬಲಕ್ಕೆ ಎಳೆದು ನುಗ್ಗಿಸಿಬಿಡುತ್ತಿದ್ದರು. ಅಷ್ಟು ನಂಬಿಕೆಯ ಸಂಸಾರ ನಾನು ಬೇರೆ ಕಂಡಿಲ್ಲ.

ಒಂದು ಚಳಿಗಾಲದಲ್ಲಿ ಅವರು ಮಗಳ ಮನೆಯಿಂದ ಬಂದು ಇಳಿದಾಗ ನಮ್ಮವ್ವ ಅಂಗಳದಲ್ಲಿದ್ದಳು. "ದಾರ್ಯಾಗ ಕುಸುಬಿ ಹೂ ಬಿಟ್ಟಿರಬೇಕಲ್ರಿ ಅಮ್ಮಾರ, ಹೊಲ ಎಲ್ಲಾ ಚಂದ ಕಾಣತಿರಬೇಕು" ಎಂದಳು.

ಅಮ್ಮನವರು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, "ಕುಸುಬಿ ಎಲ್ಲಿತ್ತು ದೊಡ್ಡವ್ವಾ? ನಾ ನೋಡಿಲ್ಲ. ನನಗ ಕಂಡಿದ್ದು ಬರೇ ಲಾರಿ ಮೂತಿ" ಎಂದರು. ನಗುತ್ತಲೇ ಹೇಳಿದರು. ನಮ್ಮವ್ವನೂ ನಕ್ಕಳು. ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಅಯ್ಯನವರು ಮಾತ್ರ ಚಸ್ಮಾ ತೆಗೆದು ಒರೆಸತೊಡಗಿದರು. ನಾನು ಶಾಲೆಗೆ ಹೊರಟವನು ಸೈಕಲ್ ಹತ್ತಿ ಓಣಿಯ ತಿರುವಿಗೆ ಹೋಗಿ ಹೊರಳಿ ನೋಡಿದರೂ ಒರೆಸುತ್ತಲೇ ಇದ್ದರು.

ಆಮೇಲೆ ಸ್ವಲ್ಪ ದಿನಕ್ಕೆ ಅವರು ಸಂತೆಯ ಹಳೆಯ ಸಾಮಾನಿನವನಿಂದ ಒಂದು ನಕಾಶೆ ತಂದರು. ಬೆಟಗೇರಿಯಲ್ಲಿ ಒಂದು ಕಾಲಕ್ಕೆ ಯುರೋಪಿನ ಪಾದ್ರಿಗಳು ಇದ್ದರಲ್ಲ, ಅವರು ಬಿಟ್ಟುಹೋದದ್ದಿರಬೇಕು. ಸ್ವಿಟ್ಜರ್ಲೆಂಡಿನ ಗುಡ್ಡ, ಕೆರೆ, ರಸ್ತೆಗಳೆಲ್ಲ ಇದ್ದ ನಕಾಶೆ. ಅದನ್ನು ಪಡಸಾಲೆಯ ಗೋಡೆಗೆ ಹೊಡೆದು ನನ್ನನ್ನು ಕರೆದರು.

"ಮಾಸ್ತರ, ಅಲ್ಲಿ ಗಾಡಿ ಎಲ್ಲಾ ಬಲಗಡಿ ಹೊಕ್ಕಾವಂತ, ಖರೆ ಏನು?"

ಖರೆ ಎಂದೆ.

"ಮತ್ತ ಅಲ್ಲಿ ನಮ್ಮ ಜೀಪು ನೆಟ್ಟಗ ಆತಲ್ರಿ. ಎದುರಿಗೆ ಬರೂದು ನನ್ನ ಕಣ್ಣಿಗೆ ಕಾಣತೈತಿ. ಆಕಿ ಆರಾಮ ಕುಂತು ಗುಡ್ಡಾ ನೋಡಬಹುದು."

"ಇರಾನಿನಾಗೂ ಬಲಗಡಿನ ಅಯ್ಯಾರ. ಅಷ್ಟ್ ದೂರ ಯಾಕ?"

"ನೋಡೂದ ಐತಿ ಅಂದಮ್ಯಾಲ ಚಲೋ ಗುಡ್ಡಾನ ನೋಡ್ಲಿ" ಎಂದರು.

ಹೀಗೆ ಯೋಜನೆ ಶುರುವಾಯಿತು. ಮುಂಬಯಿ, ಪಂಜಾಬು, ಕಾಬೂಲು, ತೆಹರಾನು, ಇಸ್ತಾಂಬೂಲುಗಳನ್ನೆಲ್ಲ ಅಯ್ಯನವರು ಒಂದೇ ಸಂಜೆಯಲ್ಲಿ ದಾಟಿಬಿಟ್ಟರು. ಮುಂದಿನ ವರ್ಷಗಳೆಲ್ಲ ಸ್ವಿಟ್ಜರ್ಲೆಂಡಿನ ಒಳಗೇ ಕಳೆದವು. ದುಡ್ಡಿನ ಮಾತು ಬಂದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಪಾಸ್‌ಪೋರ್ಟಿನ ಮಾತೆತ್ತಿದರೆ "ಗಡಿ ಬರಲಿ, ನೋಡೂಣು" ಎನ್ನುತ್ತಿದ್ದರು. ಅವರ ಚಿಂತೆಯೇ ಬೇರೆ. ಬುತ್ತಿ ಎಲ್ಲಿ ಬಿಚ್ಚಬೇಕು, ಅಲ್ಲಿ ನೆರಳು ಇದೆಯೇ, ಬಾವಿ ಇದೆಯೇ? ಬಾವಿ ಇದ್ದರೆ ಎಷ್ಟು ಆಳದ್ದು, ಹಗ್ಗ ಎಷ್ಟು ಉದ್ದ ಬೇಕು? ಇದನ್ನು ಯಾವ ಭೂಗೋಳದ ಪುಸ್ತಕವೂ ಹೇಳುವುದಿಲ್ಲವೆಂದು ನನ್ನ ಮೇಲೆ ಸಿಟ್ಟಾಗುತ್ತಿದ್ದರು. ಅಮ್ಮನವರು ಖಡಕ್ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿ, ತಿಂಗಳಾನುಗಟ್ಟಲೆ ಇಟ್ಟು, ಕೆಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ಕೆಡಲಿಲ್ಲ. ಪರೀಕ್ಷೆಯ ರೊಟ್ಟಿಯನ್ನು ಗುರೆಳ್ಳು ಚಟ್ನಿಯ ಜೊತೆ ತಿಂದು ಮುಗಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆ ಯೋಜನೆಯಲ್ಲಿ ಅದೇ ಬಹಳ ಸೇರಿದ್ದು.

ಬರ್ಫಿನಲ್ಲಿ ಗಾಡಿ ಹೊಡೆಯುವ ಅಭ್ಯಾಸವೂ ಆಯಿತು. ಎರೆಮಣ್ಣಿನ ಕೆಸರಿನಲ್ಲಿ ಓಡಿಸಿದವನಿಗೆ ಬರ್ಫು ಯಾವ ಲೆಕ್ಕ ಎಂಬುದು ಅವರ ವಾದ. ಒಂದು ಮಳೆಗಾಲದಲ್ಲಿ ಹೊಂಬಳದ ಹಾದಿಬದಿಯ ಹೊಲಕ್ಕೆ ಜೀಪು ಇಳಿಸಿದರು. ಗಾಲಿಗಳು ಪೂರ್ತಿ ಹೂತು ಜೀಪು ಬಸಿರಿ ಎಮ್ಮೆಯ ಹಾಗೆ ಕೂತುಬಿಟ್ಟಿತು. ಎತ್ತು ಕಟ್ಟಿ ಎಳೆಸೋಣವೆಂದು ಊರೊಳಗೆ ಹೋದರೆ ಅವತ್ತು ಸೋಮವಾರ.

"ಸ್ವಾಮಾರ ಎತ್ತಿನ ಕೊರಳಿಗೆ ನೊಗ ಇಡೂ ಹಂಗಿಲ್ಲಲ್ರಿ ಅಯ್ಯಾರ. ನೀವ ನಮಗ ಹೇಳಿದವರು" ಎಂದು ರೈತರು ಕೈ ಮುಗಿದರು.

ಜೀಪು ಮಂಗಳವಾರದ ತನಕ ಹೊಲದಲ್ಲೇ ಇತ್ತು. ಅಮ್ಮನವರು ಕೇಳಿದ್ದು ಒಂದೇ ಮಾತು: "ಸ್ವಿಟ್ಜರ್ಲೆಂಡಿನ್ಯಾಗ ಎತ್ತಿಗೆ ಯಾವ ವಾರ ಸೂಟಿ ಅಂತ ಕೇಳಿಟ್ಟೀರೇನು?"

ನಿಜವಾದ ತೊಡಕು ಬಂದದ್ದು ನನ್ನಿಂದ. ಆ ದೇಶದ ಎತ್ತರದ ಕಣಿವೆದಾರಿಗಳು ವರ್ಷದ ಬಹುಪಾಲು ಬರ್ಫಿನಿಂದ ಮುಚ್ಚಿರುತ್ತವೆ, ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆಯುತ್ತವೆ ಎಂದು ಎಲ್ಲಿಯೋ ಓದಿ ಹೇಳಿಬಿಟ್ಟೆ. ಅಯ್ಯನವರು ಪಂಚಾಂಗ ಬಿಚ್ಚಿದರು. ಆ ತಿಂಗಳುಗಳು ಸರಿಯಾಗಿ ಆಷಾಢ, ಶ್ರಾವಣ, ಭಾದ್ರಪದಕ್ಕೆ ಬರುತ್ತಿದ್ದವು. ಆಷಾಢದಲ್ಲಿ ದೂರದ ಪ್ರಯಾಣ ಹೊರಡಬಾರದು. ಶ್ರಾವಣದಲ್ಲಿ ಪೂಜೆ ಬಿಟ್ಟು ಹೋಗುವುದುಂಟೇ? ಭಾದ್ರಪದದ ಪಕ್ಷಮಾಸವಂತೂ ಬೇಡವೇ ಬೇಡ.

"ಪಂಚಾಂಗ ಬಿಟ್ರ ಬರ್ಫ್ ಬಿಡವಲ್ದು, ಬರ್ಫ್ ಬಿಟ್ರ ಪಂಚಾಂಗ ಬಿಡವಲ್ದು" ಎಂದು ಚಸ್ಮಾ ಒರೆಸಿದರು. ನನಗೆ ಪಾಪ ಎನಿಸಿತು. ಸುಮ್ಮನೆ ಬಾಯಿ ಬಿಟ್ಟೆನಲ್ಲ ಎಂದುಕೊಂಡೆ.

ಆದರೆ ಮರುದಿನ ಬೆಳಿಗ್ಗೆ ಅವರು ಆ ಖಾಕಿ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೊರಡಲು ಒಳ್ಳೆಯ ಗಳಿಗೆ ಇದೆ, ಅವತ್ತೇ ಹೊರಡಲು ಆಗುವುದಿಲ್ಲ ಎಂದಾದರೆ ನಮ್ಮ ಕಡೆ ಪ್ರಸ್ಥಾನ ಇಡುವ ಪದ್ಧತಿ ಇದೆ. ಪ್ರಯಾಣದ ಸಾಮಾನಿನಲ್ಲಿ ಒಂದನ್ನು ಆ ಒಳ್ಳೆಯ ಗಳಿಗೆಯಲ್ಲಿ, ಹೋಗುವ ದಿಕ್ಕಿನ ಯಾವುದಾದರೂ ಮನೆಯಲ್ಲಿ ಇಟ್ಟು ಬಂದರಾಯಿತು, ಮನುಷ್ಯ ಹೊರಟಂತೆಯೇ ಲೆಕ್ಕ. ಆಮೇಲೆ ಕೆಟ್ಟ ದಿನದಲ್ಲಿ ಹೋದರೂ ದೋಷವಿಲ್ಲ. ಸ್ವಿಟ್ಜರ್ಲೆಂಡು ವಾಯವ್ಯಕ್ಕೆ. ನಮ್ಮ ಮನೆ ಅವರ ಮನೆಯಿಂದ ವಾಯವ್ಯಕ್ಕೆ. ಜ್ಯೇಷ್ಠದ ಒಳ್ಳೆಯ ಗಳಿಗೆ ನೋಡಿ ಚೀಲವನ್ನು ಗೂಟಕ್ಕೆ ಹಾಕಿದರು. ಅದರೊಳಗೆ ಟಿಬೇಟಿನವರ ಹತ್ತಿರ ಕೊಂಡ ಎರಡು ಸ್ವೆಟರು, ಒಂದು ತಂಬಿಗೆ, ಸೇದುವ ಹಗ್ಗ, ಅರಿಷಿಣ ಕೊಂಬಿನ ಜೊತೆ ಗಂಟು ಕಟ್ಟಿದ ಒಂದು ಹಿಡಿ ಜೋಳ. ಗದಗಿನ ಬಿಸಿಲಿನಲ್ಲಿ ಆ ಸ್ವೆಟರುಗಳನ್ನು ನೋಡಿದರೇ ಬೆವರು ಬರುತ್ತಿತ್ತು.

ಆ ವರ್ಷ ರಜೆ ಸಿಗಲಿಲ್ಲ. ಮರುವರ್ಷ ಮಗಳ ಬಾಣಂತನ. ಅದರ ಮರುವರ್ಷ ಗಿಯರು ಪೆಟ್ಟಿಗೆ ಕೈಕೊಟ್ಟಿತು. ಪ್ರತಿ ಜ್ಯೇಷ್ಠದಲ್ಲೂ ಬಂದು ಚೀಲ ಇಳಿಸಿ, ಸ್ವೆಟರುಗಳನ್ನು ಕೊಡವಿ, ಹೊಸ ಡಾಂಬರು ಗುಳಿಗೆ ಹಾಕಿ, ಹೊಸ ಗಳಿಗೆ ನೋಡಿ ಮತ್ತೆ ತೂಗುಹಾಕುತ್ತಿದ್ದರು. ಹಳೆಯ ಪ್ರಸ್ಥಾನ ನಡೆಯುವುದಿಲ್ಲವಂತೆ. ಒಂದು ಅನುಕೂಲವನ್ನಂತೂ ಅವರು ಬಿಡಲಿಲ್ಲ. ಓಣಿಯ ಹುಡುಗರು ಗಣಪತಿ ಹಬ್ಬದ ಪಟ್ಟಿಯ ದುಡ್ಡು ಕೇಳಲು ಬಂದರೆ, "ನಾ ಊರಾಗಿಲ್ರಪಾ. ಹೊಂಟು ಎರಡು ತಿಂಗಳಾತು. ಬೇಕಾದ್ರ ಮಾಸ್ತರ ಮನ್ಯಾಗ ಚೀಲ ನೋಡ್ಕೊಂಡ್ ಬರ್ರಿ" ಎಂದು ಸಾಗಹಾಕುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನಡುವಿನ ದೇಶಗಳಲ್ಲಿ ಗದ್ದಲ ಶುರುವಾಯಿತು. ಇರಾನಿನಲ್ಲಿ ದಂಗೆ, ಅಫ್ಘಾನಿಸ್ತಾನದಲ್ಲಿ ಯುದ್ಧ. ಹೋಗುತ್ತಿದ್ದವರೂ ಹೋಗದಂತಾದರು. ಪತ್ರಿಕೆ ಬಂದ ಕೂಡಲೇ ಅಯ್ಯನವರ ಕಡೆ ಓಡಿದೆ. ಅವರಾಗಲೇ ಓದಿ ಮಡಚಿಟ್ಟಿದ್ದರು. ಅವತ್ತು ಚಸ್ಮಾ ಒರೆಸಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಆ ವರ್ಷ ಜ್ಯೇಷ್ಠದಲ್ಲಿ ಚೀಲ ಇಳಿಸಲು ಅವರು ಬರಲಿಲ್ಲ. ನಮ್ಮವ್ವನೇ ಬಿಸಿಲಿಗೆ ಹಾಕಿ, ಗುಳಿಗೆ ಬದಲಿಸಿ, ಗೂಟಕ್ಕೆ ಹಾಕಿದಳು. "ಅವರ ಮನಸು ಸರಿ ಆಗೂತನ ಸ್ವೆಟರ ನುಸಿ ತಿನ್ನಬಾರದಲ್ಲೋ" ಎಂದಳು.

ಎಂಬತ್ತನೆಯ ಇಸವಿ ದಾಟಿದ ಮೇಲೆ ಅವರಿಗೆ ನಿವೃತ್ತಿಯಾಯಿತು. ಬೆಟಗೇರಿಯ ಮನೆ ಬಿಟ್ಟು ಹೊಂಬಳಕ್ಕೆ ಹೋಗುವುದೆಂದು ಗೊತ್ತಾಯಿತು. ಅದೇ ಹೊತ್ತಿಗೆ ಮುಂಡರಗಿಯ ಮೈದುನ ಜೀಪು ವಾಪಸು ಕೇಳಿದ. ಅದರ ಇಂಜಿನ್ನು ಕಳಚಿ ಹೊಲದ ನೀರೆತ್ತುವ ಪಂಪಿಗೆ ಜೋಡಿಸುತ್ತಾನಂತೆ. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಗೋಡೆಯ ನಕಾಶೆ ಸುತ್ತುತ್ತ ಅಯ್ಯನವರು ಮೆಲ್ಲಗೆ ಅಂದರು:

"ಸ್ವಿಟ್ಜರ್ಲೆಂಡ್ ಹೋಗ್ಲಿ ಬಿಡ್ರಿ ಮಾಸ್ತರ. ಇಷ್ಟ್ ವರ್ಷ ಬಾಜೂಕ ಕುಂತಾಕಿ ಒಂದ್ ದಿನಾನೂ ಹೊರಗ ನೋಡಲಿಲ್ಲ. ಅದೊಂದು ಮನಸಿಗೆ ಹತ್ತೇತಿ."

ಅಷ್ಟು ವರ್ಷ ನಗುತ್ತ ರೊಟ್ಟಿ ತಿಂದವನು ಅವತ್ತು ನಕಾಶೆಯ ಇನ್ನೊಂದು ತುದಿ ಹಿಡಿದು ಸುತ್ತಿಸಿದೆ.

ಜೀಪು ಒಯ್ಯಲು ಮೈದುನ ಬರುವ ವಾರದಲ್ಲೇ ಮಣ್ಣೆತ್ತಿನ ಅಮಾವಾಸ್ಯೆ ಇತ್ತು. ಹಿಂದಿನ ಸಂಜೆ ಅಯ್ಯನವರು ನಮ್ಮ ಮನೆಗೆ ಬಂದು ಗೂಟದ ಕಡೆ ಕೈ ಮಾಡಿದರು.

"ಚೀಲ ಕೊಡ್ರಿ. ನಾಳಿಗೆ ಹೊಂಟೇವಿ."

"ನಾಳಿಗೆ ಅಮಾಸಿ ಅಯ್ಯಾರ" ಎಂದೆ. ಅಮಾವಾಸ್ಯೆಯ ದಿನ ಹೊಸ್ತಿಲು ದಾಟಿ ಪಕ್ಕದ ಮಲ್ಲಸಮುದ್ರಕ್ಕೂ ಹೋಗಬೇಡಿ ಎಂದು ಊರಿಗೆಲ್ಲ ಹೇಳಿದವರು ಅವರೇ.

"ಅದಕ್ಕ ಹೊಂಟೇನಿ. ನಾಳಿಗೆ ಯಾರೂ ಎತ್ತು ಹೂಡೂದಿಲ್ಲ. ಅಡತಿ ಅಂಗಡಿ ಬಂದ್. ಲಾರಿಯವರು ಗಾಡಿ ತೊಳದು ಪೂಜಿ ಮಾಡ್ಕೊಂತ ಕುಂಡ್ರತಾರ. ಎಲ್ಲಾರೂ ಮಣ್ಣೆತ್ತು ಪೂಜಿ ಮಾಡಿ ಹೋಳಗಿ ಉಂಡು ಮಲಗತಾರ. ಡೋಣಿ ಊರ ಮ್ಯಾಲಿಂದ ಕಪ್ಪತಗುಡ್ಡ ಹತ್ತಿ ಆಕಡಿ ಶಿರಹಟ್ಟಿಗೆ ಇಳದ್ರ, ಗುಡ್ಡದಾಗ ನರಪಿಳ್ಳೆ ಇರೂದಿಲ್ಲ. ನಾ ಬಲಗಡಿ ಹೊಡೀತೇನಿ. ನಿಮ್ಮ ಫಟಫಟಿ ಐತೆಲ್ಲ, ನೀವು ಮುಂದ ಹೋಗಿ ತಿರುವಿನ್ಯಾಗ ನಿಂದರ್ರಿ. ಯಾವರೆ ಗಾಡಿ ಬಂದ್ರ ತಡೀರಿ."

"ಮುಹೂರ್ತ?"

"ಮುಹೂರ್ತ ಇಲ್ಲ ಅಂತನ ಎಲ್ಲಾರೂ ಮನ್ಯಾಗಿರತಾರ. ನಮಗ ಅದ ಮುಹೂರ್ತ."

ಮರುದಿನ ನಮ್ಮವ್ವ ಹೊದೆಯುವ ಕೆಂಪು ವಲ್ಲಿಯನ್ನು ನನ್ನ ಮೋಟಾರ್ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿಕೊಂಡು ನಾನು ಮುಂದೆ, ಜೀಪು ಹಿಂದೆ. ಡೋಣಿ ದಾಟುವ ತನಕ ಎಂದಿನಂತೆ ಎಡಗಡೆ, ಎಂದಿನಂತೆ "ಹೋಗ್ರಿ, ತಡೀರಿ." ಗುಡ್ಡದ ದಾರಿ ಶುರುವಾದಲ್ಲಿ ಅಯ್ಯನವರು ಗಾಡಿ ನಿಲ್ಲಿಸಿದರು. ಚೀಲ ಬಿಚ್ಚಿ ಸ್ವೆಟರು ತೆಗೆದು ತಾವೊಂದು ಹಾಕಿಕೊಂಡು ಅಮ್ಮನವರಿಗೊಂದು ಕೊಟ್ಟರು. ಆಷಾಢದ ಗಾಳಿ ಒಂದು ದಿನ ಮುಂಚೆಯೇ ಗುಡ್ಡ ಹತ್ತಿ ಕೂತಿತ್ತು, ಹಾಗಾಗಿ ಸ್ವೆಟರು ಅಷ್ಟೇನೂ ಅಸಂಬದ್ಧವಾಗಿ ಕಾಣಲಿಲ್ಲ. ಆಮೇಲೆ ಜೀಪನ್ನು ರಸ್ತೆಯ ಬಲಬದಿಗೆ ತಂದರು.

ಅಮ್ಮನವರಿಗೆ ಕಣ್ಣನ್ನು ಏನು ಮಾಡಬೇಕೋ ತಿಳಿಯಲಿಲ್ಲವಂತೆ, ಆಮೇಲೆ ಅಯ್ಯನವರು ಹೇಳಿದರು. ರೂಢಿಯಂತೆ ಮುಂದೆಯೇ ನೋಡುತ್ತ, ಖಾಲಿ ರಸ್ತೆಯನ್ನು ನೋಡಿ, "ಏನೂ ಬರವಲ್ದ್ರಿ... ಏ, ಮಾಸ್ತರ ನಿಂತಾರ ನೋಡ್ರಿ" ಎನ್ನುತ್ತಿದ್ದರು.

"ನನಗ ಕಾಣತೈತಿ. ನೀ ಆಕಡಿ ನೋಡು."

"ಅಲ್ರಿ, ತಿರುವು ಐತಿ."

"ಅದೂ ಕಾಣತೈತಿ. ನೀ ನೋಡು ಅಂದ್ನೆಲ್ಲ."

ನಾನು ಮುಂದಿನ ತಿರುವಿಗೆ ಹೋದಾಗ ಶಿರಹಟ್ಟಿಯ ಕಡೆಯಿಂದ ಒಂದು ಬಸ್ಸು ಏದುತ್ತ ಹತ್ತಿ ಬರುತ್ತಿತ್ತು. ಅಯ್ಯನವರ ಪಂಚಾಂಗದಲ್ಲಿ ಬಸ್ಸುಗಳಿಗೆ ಜಾಗ ಇದ್ದಂತಿರಲಿಲ್ಲ. ಕೆಂಪು ವಲ್ಲಿ ಬೀಸಿದೆ. ಡ್ರೈವರು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಏನಾಗೇತ್ರಿ? ಮದ್ದು ಇಟ್ಟು ಸುರಂಗ ಹಾರಸಾಕತ್ತಾರೇನು?"

"ಇಲ್ರಿ. ಒಂದು ಜೀಪು ಬಲಗಡಿಯಿಂದ ಬರಾಕತ್ತೈತಿ. ಸ್ವಲ್ಪ ಆಕಡಿ ಸರಕೋರಿ."

"ಬಲಗಡಿ ಯಾಕ್ರಿ?"

ಲಡಾಯಿಯ ಜೀಪು, ಪ್ರಸ್ಥಾನ, ಇರಾನು ಎಂದು ಎಲ್ಲಿಂದ ಶುರು ಮಾಡಲಿ? "ಒಬ್ಬ ಹೆಣ್ಮಗಳು ಗುಡ್ಡಾ ನೋಡಾಕತ್ತಾಳ್ರಿ" ಎಂದೆ.

ಡ್ರೈವರು ನನ್ನನ್ನೂ ವಲ್ಲಿಯನ್ನೂ ನೋಡಿದ. ಹಬ್ಬದ ದಿನ ಮನೆ ಬಿಟ್ಟು ಡ್ಯೂಟಿಗೆ ಬಂದ ಸಿಟ್ಟು ಅವನ ಮುಖದ ಮೇಲೆ ಇತ್ತು. ಆದರೂ, "ನೋಡ್ಲಿ ಬಿಡ್ರಿ" ಎಂದು ಬಸ್ಸನ್ನು ರಸ್ತೆಯ ಇನ್ನೊಂದು ಬದಿಗೆ ಎಳೆದು ನಿಲ್ಲಿಸಿದ. ಜೀಪು ಅದರ ಪಕ್ಕದಲ್ಲಿ ಹಾದುಹೋಯಿತು. ಸ್ವೆಟರು ತೊಟ್ಟ ಅಯ್ಯನವರು ಬಸ್ಸಿನ ಡ್ರೈವರಿಗೆ ತಲೆಬಾಗಿ ನಮಸ್ಕಾರ ಮಾಡಿದರು. ಅಮ್ಮನವರು ಬಸ್ಸನ್ನು ನೋಡಲಿಲ್ಲ. ಅವರ ಮುಖ ಹೊರಗೆ ಹೊರಳಿತ್ತು. ಕೆಳಗೆ ಹೊಸ ಹಸಿರು ಹತ್ತಿದ ಇಳಿಜಾರು, ಅದರ ಮೇಲೆ ಮೋಡದ ನೆರಳು ಓಡುತ್ತಿತ್ತು. ಆಚೆ ಒಂದರ ಹಿಂದೊಂದು ಗುಡ್ಡದ ಸಾಲು. ತುಟಿ ಏನೋ ಎನ್ನುತ್ತಿತ್ತು, ಫಟಫಟಿಯ ಸದ್ದಿನಲ್ಲಿ ನನಗೆ ಕೇಳಲಿಲ್ಲ.

ಗುಡ್ಡ ಇಳಿದು ಡಾಂಬರು ರಸ್ತೆ ಸೇರುವಲ್ಲಿ ಜೀಪು ಮತ್ತೆ ಎಡಕ್ಕೆ ಬಂದು ನಿಂತಿತು. ಶಿರಹಟ್ಟಿಯ ಕಡೆ ಹೊರಳಬೇಕು. ಬಲಗಡೆಯಿಂದ ಏನಾದರೂ ಬರುತ್ತಿದೆಯೇ ಎಂದು ಅಮ್ಮನವರು ನೋಡಿ ಹೇಳಬೇಕು. ಅವರು ಹೇಳಲಿಲ್ಲ. ಹಿಂದೆ ಹೊರಳಿ ಗುಡ್ಡವನ್ನೇ ನೋಡುತ್ತಿದ್ದರು. ಅಯ್ಯನವರು ಸ್ವಲ್ಪ ಹೊತ್ತು ಕಾದರು. ಏನು ಬರುತ್ತಿದೆ ಎಂದು ಕೇಳಲಿಲ್ಲ. ಕೈ ಚಾಚಿ ಇಂಜಿನ್ ಬಂದ್ ಮಾಡಿದರು.

ನಾನು ಫಟಫಟಿ ತಿರುಗಿಸಿಕೊಂಡು ಹತ್ತಿರ ಹೋದೆ. ಅವರು ಬಾಯಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದರು:

"ನೀವು ಮುಂದ ನಡೀರಿ ಮಾಸ್ತರ. ನಾವಿನ್ನೂ ಅಲ್ಲೇ ಅದೇವಿ."

ನಾನು ಶಿರಹಟ್ಟಿಗೆ ಹೋಗಿ, ತೆರೆದಿದ್ದ ಒಂದೇ ಒಂದು ಅಂಗಡಿಯಲ್ಲಿ ಮೂರು ಚಹಾ ಹೇಳಿದೆ. ಅವು ಆರಿದವು. ಮತ್ತೆ ಮೂರು ಹೇಳಿದೆ.